ಪಾಡು ಮತ್ತು ಹಾಡು

ಎಲ್ಲರಿಗೂ ನಮಸ್ಕಾರ. ಇವತ್ತು ಜನವರಿ 31, ಬೇಂದ್ರೆಯವರು ಹುಟ್ಟಿದ ದಿನ. ಇಂಥ ದಿನ ಅವರ ‘ನೀ ಹೀಂಗ ನೋಡಬ್ಯಾಡ ನನ್ನ’ ಅನ್ನುವ ಸಾವಿನ ಪದ್ಯ ಯಾಕೆ ಎತ್ಕೊಂಡ್ರಿ ಅಂತ ಸಂಘಟಕರು ಫೋನಿನಲ್ಲೇ ಕೇಳಿದರು. ಅದಕ್ಕೆ ಕಾರಣ ಒಂದು ಮದುವೆ.

ನೆಂಟರ ಮನೆಯ ರಿಸೆಪ್ಷನ್. ವೇದಿಕೆ ಪಕ್ಕ ಆರ್ಕೆಸ್ಟ್ರಾ. ಒಳ್ಳೆ ಕಂಠದ ಹುಡುಗನೊಬ್ಬ ಶುರು ಮಾಡಿದ: ‘ನೀ ಹೀಂಗ ನೋಡಬ್ಯಾಡ ನನ್ನ’. ಗಂಡು ಹೆಣ್ಣು ಮುಖ ಮುಖ ನೋಡಿಕೊಂಡು ನಾಚಿದರು. ಫೋಟೋಗ್ರಾಫರ್ ಬೇರೆ, “ಹಾಗೇ ನೋಡ್ತಾ ಇರಿ ಸರ್, ಚೆನ್ನಾಗಿ ಬರ್ತಿದೆ” ಅಂದ. ನಾನು ಐಸ್‌ಕ್ರೀಮ್ ಕಪ್ ಹಿಡಿದು ನಿಂತಿದ್ದೆ. ಚರಣಕ್ಕೆ ಹೋದರೆ ಏನು ಗತಿ ಅಂತ ನನಗೆ ಕೈಕಾಲೇ ಆಡಲಿಲ್ಲ. ಮಲಗಿದ ಕೂಸು ಬರುತ್ತೆ, ಚಂದ್ರನ ಹೆಣ ಬರುತ್ತೆ! ಪುಣ್ಯಕ್ಕೆ ಅವನಿಗೆ ಬರುತ್ತಿದ್ದದ್ದು ಪಲ್ಲವಿ ಮಾತ್ರ. ಅದನ್ನೇ ತಿರುಗಿಸಿ ಮುರುಗಿಸಿ ಹಾಡಿ ಚಪ್ಪಾಳೆ ತಗೊಂಡ. ಪಕ್ಕದಲ್ಲಿದ್ದ ಹಿರಿಯರು “ಎಂಥಾ ಪ್ರೇಮಗೀತೆ ಅಲ್ವಾ?” ಅಂದರು. ಹೂಂ ಅಂದೆ. ಮದುವೆ ಮನೆಯಲ್ಲಿ ಇನ್ನೇನು ಹೇಳಲಿ?

ಆದರೆ ಆ ಹಿರಿಯರ ಮಾತು ಪೂರಾ ತಪ್ಪಲ್ಲ. ಸತ್ತ ಮಗುವಿನ ಪದ್ಯ ಅಂತ ನಾವು ಮೇಷ್ಟ್ರುಗಳು ಪಾಠ ಮಾಡುತ್ತೇವೆ. ಪದ್ಯ ತೆಗೆದು ನೋಡಿ, ಮಗುವಿಗೆ ಅಲ್ಲಿ ಸಿಕ್ಕಿರುವುದು ತುಸು ಜಾಗ. ಮಿಕ್ಕಿದ್ದೆಲ್ಲ ಹೆಂಡತಿಯ ಮುಖ. ಅವಳ ತುಟಿಯ ಬಣ್ಣ ಹಾರಿಹೋಗಿದೆ. ಅವಳು ಇವನನ್ನೇ ನೋಡುತ್ತಿದ್ದಾಳೆ. ಇವನಿಗೆ ತಿರುಗಿ ನೋಡುವ ಧೈರ್ಯ ಇಲ್ಲ.

ಬೇಂದ್ರೆಯವರ ಕಷ್ಟಗಳು ನಿಮಗೆ ಗೊತ್ತಿರುವವೇ. ಚಿಕ್ಕಂದಿನಲ್ಲೇ ತಂದೆ ಹೋದರು. ಮಕ್ಕಳು ಒಂದರ ಹಿಂದೆ ಒಂದು ತೀರಿಕೊಂಡರು, ಉಳಿದವರು ಮೂವರೇ. ಬ್ರಿಟಿಷರಿಗೆ ಸಿಟ್ಟು ತರಿಸಿದ ‘ನರಬಲಿ’ ಪದ್ಯಕ್ಕೆ ಬೆಳಗಾವಿಯ ಹಿಂಡಲಗಾ ಜೈಲು, ಆಮೇಲೆ ಧಾರವಾಡದ ಹತ್ತಿರದ ಮುಗದ ಹಳ್ಳಿಯಲ್ಲಿ ನಿರ್ಬಂಧ. ಇಷ್ಟು ಹೇಳಿ, “ಅದಕ್ಕೇ ಹಾಗೆ ಬರೆದರು” ಅಂತ ಮುಗಿಸಿಬಿಡುತ್ತೇವೆ. ನನ್ನ ತಕರಾರು ಇಲ್ಲೇ. ಆ ಕಾಲದಲ್ಲಿ ಮಗು ಕಳಕೊಳ್ಳದ ಮನೆ ಧಾರವಾಡದ ಓಣಿಗಳಲ್ಲಿ ಎಷ್ಟಿದ್ದಾವು? ಅಪ್ಪ ಅಮ್ಮಂದಿರು ಎಲ್ಲ ಕಡೆ ಅತ್ತರು. ಈ ಪದ್ಯ ಬರೆದವರು ಒಬ್ಬರೇ.

ಹುಡುಗರು ಬಂದು ಕೇಳುತ್ತಾರೆ, “ಸರ್, ನನಗೆ ದೊಡ್ಡ ನೋವೇ ಆಗಿಲ್ಲ, ಕವಿ ಆಗೋದು ಹೇಗೆ?” ನೋವಿಗೆ ಅರ್ಜಿ ಹಾಕಬೇಡ ಮಾರಾಯ, ಅದು ಕರೆಯದೆ ಬರುತ್ತೆ, ಅಲ್ಲಿವರೆಗೆ ಛಂದಸ್ಸು ಕಲಿ ಅನ್ನುತ್ತೇನೆ. ನಗಬೇಡಿ, ಹಾಗೆ ಕೇಳಿದವನೊಬ್ಬ ಮತ್ತೆ ಬಂದೇ ಇಲ್ಲ.

ಹಾಗಾದರೆ ದುಃಖ ಮಾಡಿದ್ದೇನು? ಅವರದೇ ‘ಬೆಳಗು’ ಪದ್ಯ ನೆನಪಿಸಿಕೊಳ್ಳಿ. 1932ರ ‘ಗರಿ’ ಸಂಕಲನದಲ್ಲಿದೆ. ಮೂಡಲ ಮನೆಯಲ್ಲಿ ಮುತ್ತಿನ ನೀರು ಹೊಯ್ದ ಹಾಗೆ ಬೆಳಕು ಕಂಡ ಕಣ್ಣು ಅದು. ಈ ಸಾವಿನ ಪದ್ಯದಲ್ಲಿ ಅದೇ ಕಣ್ಣಿಗೆ ಅದೇ ಆಕಾಶದಲ್ಲಿ ಏನು ಕಾಣುತ್ತೆ? ‘ಹುಣ್ಣಿವಿ ಚಂದಿರನ ಹೆಣಾ ಬಂತೊ ಮುಗಿಲಾಗ ತೇಲತಾ ಹಗಲ.’ ಹಗಲು ಹೊತ್ತು ಬಿಳಿಚಿಕೊಂಡ ಚಂದ್ರನನ್ನು ನಾವೂ ನೋಡಿದ್ದೇವೆ, ಸುಮ್ನೆ ನೋಡಿ ಬಿಟ್ಟಿದ್ದೇವೆ. ಕಣ್ಣು ಅವರಲ್ಲಿ ಮೊದಲೇ ಇತ್ತು. ದುಃಖ ಅದನ್ನು ಹೆಂಡತಿಯ ಮುಖದ ಕಡೆ ತಿರುಗಿಸಿತು, ಅಷ್ಟೇ. ಅವಳಿಗೆ ‘ಅತ್ತಾರೆ ಅತ್ತುಬಿಡು’ ಅನ್ನುತ್ತಾರೆ. ತಾನು ಅತ್ತ ಸುದ್ದಿ ಎತ್ತುವುದಿಲ್ಲ. ‘ಎನ್ನ ಪಾಡೆನಗಿರಲಿ, ಅದರ ಹಾಡನ್ನಷ್ಟೆ ನೀಡುವೆನು’ ಅಂದವರು ತಾನೇ. ಕಣ್ಣೀರು ಜಾಸ್ತಿ ಆದರೆ ಪದ್ಯ ಒಳ್ಳೆಯದು ಅನ್ನುವವರು ‘ಬೆಳಗು’ ಮತ್ತು ಈ ಪದ್ಯ ಎರಡನ್ನೂ ಒಟ್ಟಿಗೆ ಓದಬೇಕು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಎರಡನೇ ಚೀಟಿ. ಬೇಂದ್ರೆಯವರ 1937ರ ಕಾವ್ಯ ‘ಸಖೀಗೀತ’ ನನ್ನ ಮುಖ್ಯ ವಿಷಯ ಆಗಬೇಕಿತ್ತು, ಮದುವೆ ಮನೆಯಲ್ಲೇ ಹೊತ್ತು ಕಳೆದೆ. ಅದರಲ್ಲಿ ಸಂಸಾರದ ಸುಖ, ಬಡತನ, ಹೋದ ಮಕ್ಕಳು ಎಲ್ಲ ಹೆಂಡತಿಗೆ ಹೇಳಿದ ಹಾಗೇ ಬರುತ್ತೆ. ‘ಕರುಳಿನ ವಚನಗಳು’ ಅಂತೂ ಮುಟ್ಟಲೇ ಇಲ್ಲ. ಪ್ರಶ್ನೆ ಇದ್ದವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ, ಅಲ್ಲಿ ಚೀಟಿ ಬರೋದಿಲ್ಲ. ನಮಸ್ಕಾರ.