ಗುಟ್ಟು ಬಲ್ಲವನ ಬಾಯಿ

ಕೇಳುಗರಿಗೆಲ್ಲ ನಮಸ್ಕಾರ.

ಮೊನ್ನೆ ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಅರವತ್ತು ವರ್ಷಕ್ಕೂ ಹಳೆಯದಾದ ಒಂದು ಧ್ವನಿಮುದ್ರಣ ಹಾಕಿಕೊಂಡು ಕೂತಿದ್ದೆ. 1960ರ ಅಕ್ಟೋಬರ್ 21ರದು. ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಎದುರುಬದುರಾದ ನಾಲ್ಕನೆಯ ಚರ್ಚೆ, ಅದೇ ಕೊನೆಯದೂ ಹೌದು. ಕೆನಡಿ 'ಕ್ಯೂಬಾ' ಅನ್ನುವಾಗ ಬಾಲಕ್ಕೊಂದು 'ರ್' ಅಂಟಿಕೊಳ್ಳುತ್ತದೆ, 'ಕ್ಯೂಬರ್' ಅಂತ ಕೇಳಿಸುತ್ತದೆ. ಬಾಸ್ಟನ್ ಕಡೆಯವರ ನಾಲಿಗೆ ಹಾಗೆ. ನಿಕ್ಸನ್ನರದು ತಗ್ಗಿದ, ಗಟ್ಟಿಯಾದ ದನಿ. ಓದಿದ್ದು ವಕೀಲಿಕೆ, ಅದು ಮಾತಿನಲ್ಲೇ ಗೊತ್ತಾಗುತ್ತದೆ.

ಈ ಇಬ್ಬರ ಚರ್ಚೆ ಅಂದ ಕೂಡಲೇ ಎಲ್ಲರೂ ಮೊದಲನೆಯದನ್ನೇ ಎತ್ತುತ್ತಾರೆ. ಸೆಪ್ಟೆಂಬರ್ 26, ಷಿಕಾಗೋ. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಸೊರಗಿ ಬಂದಿದ್ದ ನಿಕ್ಸನ್, ಬೆವರುತ್ತಿದ್ದ ಗಲ್ಲ, ಹಿಂದಿನ ಗೋಡೆಯಲ್ಲಿ ಕರಗಿಹೋದ ಬೂದು ಬಣ್ಣದ ಸೂಟು. ಟಿವಿ ನೋಡಿದವರಿಗೆ ಕೆನಡಿ ಗೆದ್ದ ಹಾಗೆ ಕಂಡಿತು, ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರು ಅಂದುಕೊಂಡರು ಅನ್ನುವ ಕಥೆ. ಬಾನುಲಿಯವರಾದ ನಮಗೆ ಈ ಕಥೆಯ ಮೇಲೆ ಬಹಳ ಮೋಹ. ಆದರೆ ಅದಕ್ಕೆ ಆಧಾರವಾದ ಸಮೀಕ್ಷೆಯಲ್ಲಿ ರೇಡಿಯೋ ಕೇಳಿದವರು ಮುನ್ನೂರು ಮಂದಿಯೂ ಇರಲಿಲ್ಲ. ಅದನ್ನು ನಂಬಿ ಮೀಸೆ ತಿರುವುವುದು ಬೇಡ.

ನನ್ನನ್ನು ನಿದ್ದೆಗೆಡಿಸಿದ್ದು ನಾಲ್ಕನೆಯ ಚರ್ಚೆ. ಅದರ ಹಿಂದುಮುಂದು ಗೊತ್ತಿಟ್ಟುಕೊಂಡು ಕೇಳಿದರೆ ಅದೇ ಮಾತುಗಳು ಬೇರೆಯೇ ಥರ ಕೇಳಿಸುತ್ತವೆ.

ಕ್ಯೂಬಾ ಫ್ಲಾರಿಡಾದ ತುದಿಯಿಂದ 90 ಮೈಲಿ. ಅಲ್ಲಿ 1959ರ ಜನವರಿಯಲ್ಲಿ ಫಿಡೆಲ್ ಕ್ಯಾಸ್ಟ್ರೋ ಗದ್ದುಗೆಗೆ ಬಂದರು. ಎಂಟು ವರ್ಷ ಅಧಿಕಾರದಲ್ಲಿದ್ದು ಮನೆಬಾಗಿಲಿಗೆ ಕಮ್ಯುನಿಸ್ಟರನ್ನು ಬಿಟ್ಟುಕೊಂಡಿರಲ್ಲ ಅಂತ ಕೆನಡಿ ಊರೂರು ತಿರುಗಿ ಕೇಳುತ್ತಿದ್ದರು. ನಿಕ್ಸನ್ ಆ ಎಂಟೂ ವರ್ಷ ಉಪಾಧ್ಯಕ್ಷರು. ಉತ್ತರ ಅವರ ಹತ್ತಿರ ಇತ್ತು, ಹೇಳುವ ಹಾಗಿರಲಿಲ್ಲ. ಯಾಕೆಂದರೆ 1960ರ ಮಾರ್ಚ್ 17ರಂದು ಅಧ್ಯಕ್ಷ ಐಸೆನ್‌ಹೋವರ್ ಒಂದು ಗುಟ್ಟಿನ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದರು. ಕ್ಯೂಬಾ ಬಿಟ್ಟು ಓಡಿಬಂದವರಿಗೆ ಬಂದೂಕು ಹಿಡಿಯಲು ಕಲಿಸಿ, ಕ್ಯಾಸ್ಟ್ರೋ ಮೇಲೆ ಕಳಿಸುವುದು. ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಆ ತರಬೇತಿಯನ್ನು ಗ್ವಾಟೆಮಾಲಾದ ಬೆಟ್ಟಗಳಲ್ಲಿ ನಡೆಸುತ್ತಿತ್ತು. ನಿಕ್ಸನ್ನರಿಗೆ ಇದೆಲ್ಲ ತಿಳಿದಿತ್ತು, ಒತ್ತಾಸೆಯೂ ಅವರದಿತ್ತು.

ಅಕ್ಟೋಬರ್ 20ರಂದು ಕೆನಡಿ ಪಾಳೆಯದಿಂದ ಒಂದು ಹೇಳಿಕೆ ಹೊರಬಿತ್ತು. ಕ್ಯಾಸ್ಟ್ರೋ ವಿರುದ್ಧ ಹೋರಾಡುವ ದೇಶಭ್ರಷ್ಟ ಕ್ಯೂಬನ್ನರಿಗೆ ನಾವು ಬಲ ತುಂಬಬೇಕು, ಇದುವರೆಗೆ ಈ ಸರ್ಕಾರ ಏನೂ ಮಾಡಿಲ್ಲ ಅನ್ನುವುದು ಅದರ ಸಾರಾಂಶ. ಬರೆದವರು ಕೆನಡಿಯ ಸಹಾಯಕ ರಿಚರ್ಡ್ ಗುಡ್ವಿನ್. ಆಗ ಕೆನಡಿ ಮಲಗಿದ್ದರು, ಎಬ್ಬಿಸುವುದು ಬೇಡ ಅಂತ ಹಾಗೇ ಪತ್ರಿಕೆಗಳಿಗೆ ಕೊಟ್ಟುಬಿಟ್ಟೆವು ಎಂದು ಆ ಪಾಳೆಯದವರೇ ಮುಂದೆ ಬರೆದುಕೊಂಡಿದ್ದಾರೆ. ಒಂದು ದೇಶದ ಮೇಲೆ ಗುಟ್ಟಾಗಿ ದಂಡೆತ್ತಿ ಹೋಗುವ ವಿಚಾರ, ಯಜಮಾನರಿಗೆ ನಿದ್ದೆ.

ನಿಕ್ಸನ್ನರ ಪಾಡು ಯೋಚಿಸಿ. ತಾವೇ ಒಳಗೊಳಗೆ ಮಾಡಿಸುತ್ತಿರುವ ಕೆಲಸವನ್ನು ಎದುರಾಳಿ ತನ್ನ ಸಲಹೆ ಅಂತ ಬೀದಿಯಲ್ಲಿ ಸಾರುತ್ತಿದ್ದಾನೆ. 'ಅದನ್ನು ನಾವಾಗಲೇ ಮಾಡುತ್ತಿದ್ದೇವೆ' ಅಂದರೆ ಗುಟ್ಟು ರಟ್ಟು. ಸುಮ್ಮನಿದ್ದರೆ ಕೈಲಾಗದವನು ಅನ್ನುವ ಹೆಸರು. ಉಗುಳಲಾರದ, ನುಂಗಲಾರದ ಬಿಸಿತುಪ್ಪ ಅನ್ನುತ್ತಾರಲ್ಲ, ಅದು.

ಮರುದಿನ ರಾತ್ರಿ ಅವರು ಮೂರನೆಯ ದಾರಿ ಹಿಡಿದರು. ಕೆನಡಿಯ ಸಲಹೆಯನ್ನು ಅಪಾಯಕಾರಿ, ಹೊಣೆಗೇಡಿತನದ್ದು ಅಂತ ಕರೆದರು. ಹಾಗೆ ಮಾಡಿದರೆ ಲ್ಯಾಟಿನ್ ಅಮೆರಿಕದ ಗೆಳೆಯರನ್ನೆಲ್ಲ ಕಳೆದುಕೊಳ್ಳುತ್ತೇವೆ, ವಿಶ್ವಸಂಸ್ಥೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ, ಒಪ್ಪಂದಗಳನ್ನು ಮುರಿದ ಹಾಗಾಗುತ್ತದೆ ಎಂದು ಒಂದೊಂದಾಗಿ ಮುಂದಿಟ್ಟರು. ತಾಳಮದ್ದಲೆ ಕೇಳಿದವರಿಗೆ ಇದು ಹೊಸದಲ್ಲ. ಅರ್ಥಧಾರಿ ತನ್ನ ಪಾಲಿಗೆ ಬಂದ ಪಾತ್ರದ ಪರವಾಗಿ ವಾದಿಸುತ್ತಾನೆ, ಅವನ ಸ್ವಂತ ಅಭಿಪ್ರಾಯ ಅಲ್ಲಿ ಲೆಕ್ಕಕ್ಕಿಲ್ಲ. ಒಂದೇ ವ್ಯತ್ಯಾಸ, ತಾಳಮದ್ದಲೆಯಲ್ಲಿ ಅದು ಅರ್ಥಗಾರಿಕೆ ಅಂತ ಕೇಳುವವರಿಗೂ ಗೊತ್ತಿರುತ್ತದೆ.

ಹಾಗಾದರೆ ಕ್ಯೂಬಾಕ್ಕೆ ಏನು ಮಾಡಬೇಕು? ಗ್ವಾಟೆಮಾಲಾದಲ್ಲಿ ಮಾಡಿದ್ದನ್ನೇ ಮಾಡೋಣ ಅಂದರು ನಿಕ್ಸನ್. ಅಲ್ಲಿ ಆರ್ಬೆನ್ಸ್ ಎಂಬ ಕಮ್ಯುನಿಸ್ಟ್ ಸರ್ವಾಧಿಕಾರಿ ಇದ್ದ, ಅವನನ್ನು ನಾವು ಒಂಟಿಯಾಗಿಸಿದೆವು, ಕೊನೆಗೆ ಅಲ್ಲಿನ ಜನರೇ ಎದ್ದು ಅವನನ್ನು ಕಿತ್ತುಹಾಕಿದರು ಅಂತ. ಈ ಮಾತು ಬಂದಾಗ ನಾನು ಮುದ್ರಣ ನಿಲ್ಲಿಸಿ ಇನ್ನೊಮ್ಮೆ ಹಾಕಿದೆ. ಚುನಾಯಿತನಾಗಿ ಬಂದಿದ್ದ ಆರ್ಬೆನ್ಸರನ್ನು 1954ರಲ್ಲಿ ಕೆಳಗಿಳಿಸಿದ್ದು ಸಿಐಎ ಸಿದ್ಧಪಡಿಸಿ ಕಳಿಸಿದ ಪಡೆ. ಅಂದರೆ ಒಂದು ಗುಟ್ಟು ಮುಚ್ಚಲು ನಿಕ್ಸನ್ ಇನ್ನೊಂದು ಗುಟ್ಟನ್ನು ಹೊದಿಸಿದರು. ಅದೂ ಎಂಥ ಊರಿನ ಹೆಸರು ಹಿಡಿದು! ಅವರು ಮಾತಾಡುತ್ತಿದ್ದ ಹೊತ್ತಿಗೆ ಕ್ಯೂಬನ್ನರು ಕವಾಯತು ಮಾಡುತ್ತಿದ್ದದ್ದು ಅದೇ ಗ್ವಾಟೆಮಾಲಾದಲ್ಲಿ.

ಕೋಟ್ಯಂತರ ಜನ ಕೇಳಿದರು. ಒಬ್ಬ ವೀರ, ಇನ್ನೊಬ್ಬ ವಿವೇಕಿ ಅಂತ ಅಂದುಕೊಂಡಿರಬೇಕು. ನವೆಂಬರ್ 8ರಂದು 6.8 ಕೋಟಿಗೂ ಹೆಚ್ಚು ಮತ ಬಿದ್ದು, ಕೆನಡಿ ಮುಂದಿದ್ದದ್ದು ಸುಮಾರು 1 ಲಕ್ಷ 12 ಸಾವಿರ ಮತಗಳಿಂದ. ಐದು ತಿಂಗಳು ಕಳೆದು, 1961ರ ಏಪ್ರಿಲ್ 17ರಂದು ಹಾಗೆ ತರಬೇತಿ ಪಡೆದ ಸುಮಾರು 1,400 ಮಂದಿ ಕ್ಯೂಬಾದ ಬೇ ಆಫ್ ಪಿಗ್ಸ್ ದಡಕ್ಕೆ ಇಳಿದರು. ಮೂರೇ ದಿನ. ನೂರಕ್ಕೂ ಹೆಚ್ಚು ಮಂದಿ ಸತ್ತರು, ಸಾವಿರದ ನೂರಕ್ಕೂ ಹೆಚ್ಚು ಮಂದಿ ಸೆರೆ ಸಿಕ್ಕರು. ಏಪ್ರಿಲ್ 20ರಂದು ಕೆನಡಿ ನಿಕ್ಸನ್ನರನ್ನು ಶ್ವೇತಭವನಕ್ಕೆ ಕರೆಸಿ, ನೀವಾಗಿದ್ದರೆ ಈಗ ಏನು ಮಾಡುತ್ತಿದ್ದಿರಿ ಅಂತ ಕೇಳಿದರು. ಕಾನೂನಿನ ಒಂದು ನೆಪ ಹುಡುಕಿ ಒಳಗೆ ನುಗ್ಗುತ್ತಿದ್ದೆ ಅಂದೆನೆಂದು ನಿಕ್ಸನ್ನರೇ ನೆನಪಿಸಿಕೊಂಡಿದ್ದಾರೆ. ವಿಶ್ವಸಂಸ್ಥೆಯ ಮಾತು ಆಗ ಬರಲಿಲ್ಲ.

ಕೆನಡಿಗೆ ಆ ಗುಟ್ಟು ಮೊದಲೇ ತಿಳಿದಿತ್ತೇ? 1952ರಿಂದ ಅಲ್ಲಿ ಒಂದು ಪದ್ಧತಿಯಿದೆ, ಅಧ್ಯಕ್ಷ ಟ್ರೂಮನ್ ಹಾಕಿಕೊಟ್ಟದ್ದು. ಅಭ್ಯರ್ಥಿಗಳಿಗೂ ಬೇಹುಗಾರಿಕೆಯ ವರದಿಗಳನ್ನು ತಿಳಿಸಿ ಹೇಳುವುದು. ಅದರಂತೆ ಸಿಐಎ ಮುಖ್ಯಸ್ಥ ಆಲೆನ್ ಡಲ್ಲಸ್ ಕೆನಡಿಯನ್ನು ಕಂಡಿದ್ದರು. ಅವರು ಎಲ್ಲವನ್ನೂ ಹೇಳಿದ್ದರು, ಕೆನಡಿ ಅದನ್ನೇ ತಿರುಗಿಸಿ ನನ್ನ ಮೇಲೆ ಬಿಟ್ಟರು ಅಂತ 1962ರಲ್ಲಿ ನಿಕ್ಸನ್ ಬರೆದರು. ಶ್ವೇತಭವನ ಅಲ್ಲಗಳೆಯಿತು. ಡಲ್ಲಸ್ ಮಧ್ಯೆ ಬಂದು, ಇದು ತಪ್ಪು ತಿಳಿವಳಿಕೆ, ತಾನು ಆ ವಿಷಯ ಕೆನಡಿಗೆ ಹೇಳಿರಲಿಲ್ಲ ಅಂದರು. ಗುಟ್ಟು ಕಾಯುವುದೇ ಕಸುಬಾದವರ ಸಾಕ್ಷ್ಯವನ್ನು ಎಷ್ಟು ಒಪ್ಪಬೇಕೋ ನೀವೇ ನೋಡಿ.

ಆ ಪ್ರಚಾರದಲ್ಲಿ ಇಂಥದ್ದು ಇನ್ನೊಂದಿತ್ತು. ಕ್ಷಿಪಣಿಗಳಲ್ಲಿ ಸೋವಿಯತ್ ಒಕ್ಕೂಟ ನಮ್ಮನ್ನು ಹಿಂದೆ ಹಾಕಿದೆ ಅನ್ನುವುದು ಕೆನಡಿಯ ಕೂಗು. ಹಾಗೇನಿಲ್ಲ ಅನ್ನಲು ಐಸೆನ್‌ಹೋವರ್ ಬಳಿ ಯು-2 ಬೇಹುಗಾರಿಕೆ ವಿಮಾನಗಳು ತೆಗೆದ ಚಿತ್ರಗಳಿದ್ದವು, ಹೊರಗೆ ತೋರಿಸುವ ಹಾಗಿರಲಿಲ್ಲ. ಗೆದ್ದ ಮೇಲೆ, 1961ರ ಫೆಬ್ರವರಿಯಲ್ಲಿ, ಕೆನಡಿಯದೇ ರಕ್ಷಣಾ ಕಾರ್ಯದರ್ಶಿ ಮ್ಯಾಕ್‌ನಮಾರಾ ಪತ್ರಕರ್ತರ ಮುಂದೆ ಅಂಥ ಕೊರತೆ ಇಲ್ಲವೆಂದು ಬಾಯಿ ಬಿಟ್ಟು ಗಡಿಬಿಡಿ ಎಬ್ಬಿಸಿದರು. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ಬೇಹುಗಾರಿಕೆಯವರೇ ಮಾಡಿದ ಅಂದಾಜಿನ ಪ್ರಕಾರ ಸೋವಿಯತ್ತರ ಬಳಿ ಇದ್ದ ಖಂಡಾಂತರ ಕ್ಷಿಪಣಿಗಳ ಉಡಾವಣಾ ನೆಲೆಗಳು 10ರಿಂದ 25.

ಇದರಿಂದ ನನಗೆ ಹೊಳೆಯುವುದು ಇಷ್ಟು. ಬೆಲೆಯೇರಿಕೆ ಬಗ್ಗೆ ಇಬ್ಬರು ವಾದಿಸಿದರೆ ಕೇಳುಗರ ಕೈಯಲ್ಲಿ ಅಂಗಡಿಯ ಚೀಟಿಯಾದರೂ ಇರುತ್ತದೆ. ದೇಶದ ರಕ್ಷಣೆಯ ವಿಷಯದಲ್ಲಿ ಅದೂ ಇಲ್ಲ. ಗೊತ್ತಿದ್ದವನು ಬಾಯಿ ಕಟ್ಟಿಕೊಂಡಿರುತ್ತಾನೆ, ಗೊತ್ತಿಲ್ಲದವನ ಬಾಯಿಗೆ ಬೀಗವಿಲ್ಲ, ಹೊರಗೆ ಕೂತ ನಾವು ದನಿಯ ಗತ್ತು ನೋಡಿ ತೀರ್ಪು ಕೊಡುತ್ತೇವೆ.

ಆಮೇಲೆ ಹದಿನಾರು ವರ್ಷ ಈ ಚರ್ಚೆಗಳೇ ನಡೆಯಲಿಲ್ಲ. 1964ರಲ್ಲಿ ಅಧ್ಯಕ್ಷ ಜಾನ್ಸನ್ ಒಲ್ಲೆ ಅಂದರು. 1968, 1972ರಲ್ಲಿ ನಿಕ್ಸನ್, ಒಮ್ಮೆ ಬಿಸಿ ತಾಗಿದ್ದವರು, ಆ ಕಡೆ ತಲೆ ಹಾಕಲಿಲ್ಲ. 1976ರಲ್ಲಿ ಮತ್ತೆ ಶುರುವಾದಾಗ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರ ಎದುರಿಗೆ ಜಿಮ್ಮಿ ಕಾರ್ಟರ್. ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವೇ ಇಲ್ಲ ಅಂದುಬಿಟ್ಟರು. ಪ್ರಶ್ನೆ ಕೇಳಿದ್ದ ಪತ್ರಕರ್ತ ನಂಬಲಾರದೆ ಮತ್ತೆ ಕೇಳಿ ತಿದ್ದಿಕೊಳ್ಳಲು ಅವಕಾಶ ಕೊಟ್ಟರು. ಫೋರ್ಡ್ ಪೋಲೆಂಡ್, ರುಮೇನಿಯಾ, ಯುಗೊಸ್ಲಾವಿಯಾ ಅಂತ ಹೆಸರು ಹಿಡಿದು ಇನ್ನಷ್ಟು ಗಟ್ಟಿ ಮಾಡಿದರು. ಆ ಹಿಡಿತವನ್ನು ನಾವು ಒಪ್ಪುವುದಿಲ್ಲ ಅನ್ನುವುದು ಅವರ ಮನಸ್ಸಿನಲ್ಲಿದ್ದದ್ದು. ಆದರೆ ಮಾತು ಆಡಿದರೆ ಹೋಯಿತು. ಸರಿಯಾಗಿ ತಿದ್ದಿಕೊಳ್ಳುವುದಕ್ಕೆ ದಿನಗಳೇ ಹಿಡಿದವು, ಚುನಾವಣೆಯೂ ಕೈತಪ್ಪಿತು.

ನನಗೆ ಅದಕ್ಕಿಂತ ಎರಡು ವಾರ ಹಿಂದಿನದು ಇಷ್ಟ. ಸೆಪ್ಟೆಂಬರ್ 23, ಫಿಲಡೆಲ್ಫಿಯಾದ ವಾಲ್ನಟ್ ಸ್ಟ್ರೀಟ್ ಥಿಯೇಟರ್. ಚರ್ಚೆ ಮುಗಿಯಲು ಇನ್ನೇನು ಕೆಲವೇ ನಿಮಿಷ. ಬೇಹುಗಾರಿಕೆ ಸಂಸ್ಥೆಗಳಿಗೆ ಕಾನೂನಿನ ಕಡಿವಾಣ ಎಲ್ಲಿ ಅಂತ ಒಬ್ಬ ಪತ್ರಕರ್ತೆ ಕೇಳಿದರು. ಫೋರ್ಡ್ ಉತ್ತರ ಮುಗಿಸಿದರು. ಕಾರ್ಟರ್ ಬಾಯಿ ತೆರೆದರು, ಇತ್ತೀಚಿನ ವರ್ಷಗಳಲ್ಲಿ ಜನರ ನಂಬಿಕೆ ಮುರಿದುಬಿದ್ದಿದೆ ಅನ್ನುತ್ತಿದ್ದ ಹಾಗೇ ಧ್ವನಿ ಹೋಯಿತು. ಯಂತ್ರದ ಯಾವುದೋ ಸಣ್ಣ ಭಾಗ ಕೈಕೊಟ್ಟಿತ್ತು. ಬಾನುಲಿಯಲ್ಲಿ 27 ಸೆಕೆಂಡು ಸದ್ದಿಲ್ಲದಿದ್ದರೆ ನಮಗೆ ಜೀವ ಬಾಯಿಗೆ ಬರುತ್ತದೆ. ಅಲ್ಲಿ 27 ನಿಮಿಷ. ಅಷ್ಟು ಹೊತ್ತೂ ಆ ಇಬ್ಬರೂ ತಮ್ಮ ತಮ್ಮ ಮೇಜಿನ ಹಿಂದೆ ನಿಂತೇ ಇದ್ದರು. ಹತ್ತಿರ ಹೋಗಿ ಕೈ ಕುಲುಕಲಿಲ್ಲ, ಒಂದು ಮಾತಾಡಲಿಲ್ಲ. ಕೂತರೆ ಎಲ್ಲಿ ಮೈಯಲ್ಲಿ ಕಸುವಿಲ್ಲ ಅಂದುಕೊಳ್ಳುತ್ತಾರೋ ಅನ್ನುವ ಅಳುಕು ಇಬ್ಬರಿಗೂ ಇತ್ತು ಅಂತ ಫೋರ್ಡ್ ಮುಂದೊಂದು ದಿನ ಹೇಳಿದರು. ಕಾರ್ಟರ್ ಒಮ್ಮೊಮ್ಮೆ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

ನಮಸ್ಕಾರ.