ನೀರನ್ನೂ ಗಾಳಿಯನ್ನೂ ಸಾಗಿಸುವ ಲಾರಿಗಳು

ನಮಸ್ಕಾರ. ಕೊಯ್ಲಾದ ಮೇಲೆ ಉಳಿಯುವ ದಿಂಡು, ಹೊಟ್ಟು, ಹುಲ್ಲನ್ನು ಜನ "ತ್ಯಾಜ್ಯ" ಅನ್ನುತ್ತಾರೆ; ಅದರಿಂದ ಬೇರೆ ವಸ್ತು ಮಾಡುವ ಬಗ್ಗೆ ಇವತ್ತಿನ ಮಾತು. ಬಾಳೆ ತೋಟದಿಂದಲೇ ಶುರು ಮಾಡೋಣ. ಬಾಳೆ ಗಿಡ ಗೊನೆ ಬಿಡುವುದು ಒಂದೇ ಸಲ. ಗೊನೆ ಇಳಿಸಿದ ಮೇಲೆ ದಿಂಡನ್ನು ಕಡಿದು ಬದುವಿಗೆ ಎಸೆಯುತ್ತಾರೆ. ಆ ದಿಂಡಿನ ಪದರಗಳಲ್ಲಿ ಗಟ್ಟಿ ನಾರಿದೆ. ಹಗ್ಗ, ಚೀಲ, ಕಾಗದ, ಸ್ಯಾನಿಟರಿ ಪ್ಯಾಡ್‌ನ ಒಳಪದರ ಎಲ್ಲವನ್ನೂ ಅದರಿಂದ ಮಾಡಬಹುದು. ಇದನ್ನು ಕೇಳಿದ ಕೂಡಲೇ ಎಷ್ಟೋ ಜನ ಹೇಳುವುದು, "ಹಾಗಾದರೆ ಎಲ್ಲಾದರೂ ಒಂದು ದೊಡ್ಡ ಫ್ಯಾಕ್ಟರಿ ಹಾಕಿಬಿಡಿ" ಅಂತ.

ನನ್ನ ತಕರಾರು ಇರುವುದು ಅಲ್ಲೇ.

ದಿಂಡಿನ ತೂಕದಲ್ಲಿ ನೂರಕ್ಕೆ 90 ಭಾಗಕ್ಕೂ ಜಾಸ್ತಿ ನೀರು. ಅದನ್ನು ಲಾರಿಗೆ ತುಂಬಿ ದೂರ ಕಳಿಸಿದರೆ, ಡೀಸೆಲ್ ಸುಟ್ಟು ನೀರು ಸಾಗಿಸಿದ ಹಾಗೆ. ಭತ್ತದ ಹೊಟ್ಟಿನದು ಬೇರೆ ಪಾಡು. ಒಂದು ಟನ್ ಭತ್ತ ಮಿಲ್ ಮಾಡಿದರೆ ಸುಮಾರು 200 ಕಿಲೋ ಹೊಟ್ಟು ಬರುತ್ತದೆ. ಆದರೆ ಒಂದು ಘನ ಮೀಟರ್ ಜಾಗದಲ್ಲಿ ಹಿಡಿಸುವುದು 100 ಕಿಲೋ ಆಸುಪಾಸು ಅಷ್ಟೇ. ಲಾರಿ ಭರ್ತಿಯಾದರೂ ಅರ್ಧಕ್ಕರ್ಧ ಗಾಳಿಯೇ ಹೋಗುತ್ತದೆ.

ಅದಕ್ಕೇ ಮೊದಲ ಕೆಲಸ ಹೊಲದ ಪಕ್ಕದಲ್ಲೇ ಆಗಬೇಕು. ನಾರು ತೆಗೆಯುವ ಸಣ್ಣ ಯಂತ್ರ ತೋಟದ ಹತ್ತಿರ ಇದ್ದರೆ ಸಾಕು. ಒಣಗಿದ ನಾರು ಹಗುರ, ಬೇಗ ಕೆಡುವುದಿಲ್ಲ, ಎಷ್ಟು ದೂರ ಬೇಕಾದರೂ ಹೋಗುತ್ತದೆ. ಉಳಿದ ತಿರುಳು ಅದೇ ಮಣ್ಣಿಗೆ ಗೊಬ್ಬರ. ಫಿಲಿಪೀನ್ಸ್‌ನಲ್ಲಿ ಅನಾನಸ್ ಎಲೆಯ ನಾರಿನಿಂದ ಚರ್ಮದಂಥ ವಸ್ತು ಮಾಡಲು ಹೊರಟ ಕಾರ್ಮೆನ್ ಹಿಜೋಸಾ ಕೂಡ ಎಲೆಯಿಂದ ನಾರು ಬಿಡಿಸುವ ಕೆಲಸವನ್ನು ಬೆಳೆಗಾರರ ಹತ್ತಿರವೇ ಇಟ್ಟರು. ಕೊಯ್ಲು ಮುಗಿದ ಮೇಲೂ ಅಲ್ಲಿಯವರ ಕೈಗೆ ಒಂದಿಷ್ಟು ದುಡಿಮೆ ಸಿಗುವುದು ಹೀಗೆ.

ಹೊಟ್ಟಿಗೆ ಇನ್ನೂ ಜಾಸ್ತಿ ಜಾಣ್ಮೆ ಬೇಕು. 200 ಕಿಲೋ ಹೊಟ್ಟು ಸುಟ್ಟರೆ 40 ಕಿಲೋ ಆಸುಪಾಸು ಬೂದಿ. ಅದರಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿ ಇರುವಂಥ ಖನಿಜ. ಹದವಾಗಿ ಸುಟ್ಟ ಬೂದಿಯನ್ನು ಕಾಂಕ್ರೀಟ್‌ನಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಹಾಕಬಹುದು. ಬೆಂಕಿ ತೀರಾ ಜೋರಾದರೆ ಸಿಲಿಕಾ ಹರಳುಗಟ್ಟುತ್ತದೆ. ಆಗ ಬೂದಿಯ ಆ ಗುಣ ಹೋಗುತ್ತದೆ, ಅದರ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಹಾಗಾಗಿ ಸುಮ್ನೆ ಒಲೆ ಕೊಟ್ಟು ಹೋದರೆ ಆಗುವುದಿಲ್ಲ. ಬೆಂಕಿಯ ಹದ ಕಲಿಸಬೇಕು, ಅಳೆಯುವ ಸಾಧನ ಕೊಡಬೇಕು, ಬಾಯಿಗೆ ಮಾಸ್ಕ್ ಕೊಡಬೇಕು.

ಇನ್ನೊಂದು ಮಾತು ಹೇಳಲೇಬೇಕು. "ತ್ಯಾಜ್ಯ" ಅನ್ನುವ ಪದವೇ ನನಗೆ ಒಗ್ಗುವುದಿಲ್ಲ. ಹೊಲದಲ್ಲಿ ಬಿದ್ದ ಹುಲ್ಲು ಯಾರದೋ ಹಸುವಿನ ಮೇವು, ಯಾರದೋ ಒಲೆಯ ಉರುವಲು. ಅದಕ್ಕೆ ಬೆಲೆ ಬಂದ ದಿನ, ಪುಕ್ಕಟೆ ಆಯ್ದುಕೊಳ್ಳುತ್ತಿದ್ದ ಜಮೀನಿಲ್ಲದ ಹೆಂಗಸಿಗೆ ಬೇಲಿ ಬೀಳುತ್ತದೆ ಅಲ್ವಾ? ಮಣ್ಣಿಗೂ ಅಷ್ಟೇ. ಎಲ್ಲವನ್ನೂ ಗುಡಿಸಿ ಒಯ್ದರೆ ನೆಲ ಬಡವಾಗುತ್ತದೆ.

ಅದಕ್ಕೇ ನಿಮ್ಮೂರಿಗೆ ಇಂಥ ಯೋಜನೆ ತಂದವರನ್ನು ಮೊದಲ ಸಭೆಯಲ್ಲೇ ಕೇಳಿ: ಯಂತ್ರ ಯಾರ ಹೆಸರಿನಲ್ಲಿರುತ್ತದೆ? ಇವತ್ತು ಈ ಹುಲ್ಲು ಹೊತ್ತು ಹೋಗುತ್ತಿರುವವರಿಗೆ ಎಷ್ಟು ಉಳಿಸುತ್ತೀರಿ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.