ಕೋಡ್ ಸರಿಯಿದ್ದರೂ ಟೆಸ್ಟ್ ಫೇಲ್ ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ. ಶಿರಸಿ, ಕುಮಟಾ, ಕಾರವಾರದ ಮನೆಗಳಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ಕೋಡ್ ಬರೆಯುವವರು ಈಗ ಇದ್ದಾರಲ್ಲ, ಇವತ್ತಿನ ಮಾತು ಅವರಿಗೆ. "ನನ್ನ ಲ್ಯಾಪ್‌ಟಾಪಲ್ಲಿ ಟೆಸ್ಟ್ ಪಾಸಾಗ್ತದೆ, ಸರ್ವರಲ್ಲಿ ಫೇಲ್" ಎಂಬ ಗೋಳು ಅವರಿಗೆ ಚೆನ್ನಾಗಿ ಗೊತ್ತು. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ಇಂಥ ಕಡೆ ನನ್ನ ಮೊದಲ ಅನುಮಾನ ಎನ್ವಿರಾನ್‌ಮೆಂಟ್ ವೇರಿಯೇಬಲ್ ಮೇಲೆ, ಅಂದರೆ ಕೋಡ್‌ನ ಹೊರಗಿದ್ದು ಪ್ರೋಗ್ರಾಮ್‌ಗೆ ಸಿಗುವ ಹೆಸರು-ಬೆಲೆಯ ಸೆಟ್ಟಿಂಗ್ ಮೇಲೆ. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಇದು 1979ರಿಂದ ಇದೆ. ಒಂದು ಪ್ರೋಗ್ರಾಮ್ ಇನ್ನೊಂದನ್ನು ಶುರು ಮಾಡಿದಾಗ ತನ್ನ ವೇರಿಯೇಬಲ್‌ಗಳ ನಕಲನ್ನೂ ಅದಕ್ಕೆ ದಾಟಿಸುತ್ತದೆ. ಊರು ಬಿಟ್ಟು ಹೊರಟ ಮಗನ ಚೀಲಕ್ಕೆ ಅಮ್ಮ ಹೇಳದೆ ಕೇಳದೆ ಅಪ್ಪೆಮಿಡಿ ಬಾಟಲಿ ತುರುಕಿದ ಹಾಗೆ.

ಸಮಯದ ವಲಯ ಹೇಳುವ ಟಿಜೆಡ್ ಎಂಬ ವೇರಿಯೇಬಲ್ ನೋಡಿ. ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ, ಸರ್ವರ್ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ ಇದ್ದರೆ ರಾತ್ರಿ 12ರಿಂದ ಬೆಳಿಗ್ಗೆ 5.30ರ ತನಕ ಎರಡರ ತಾರೀಕೂ ಬೇರೆ. ಮಳೆಗಾಲದಲ್ಲಿ ಹಗಲು ಕರೆಂಟ್ ಹೋಗಿ, ರಾತ್ರಿ ಕೆಲಸಕ್ಕೆ ಕೂತವರ ಕಣ್ಣಿಗೆ ಇದು ಬೇಗ ಬೀಳುತ್ತದೆ.

ಇದಕ್ಕಿಂತ ಜಾಸ್ತಿ ಕಾಡುವುದು ಗಿಟ್, ಕೋಡ್‌ನ ಬದಲಾವಣೆಗಳ ಲೆಕ್ಕ ಇಡುವ ಸಾಧನ. ಕಮಿಟ್‌ಗೆ, ಅಂದರೆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸುವುದಕ್ಕೆ ಮುಂಚೆ ಟೆಸ್ಟ್ ತಾನಾಗಿ ಓಡಲಿ ಅಂತ ಹುಕ್ ಎಂಬ ಚಿಕ್ಕ ಸ್ಕ್ರಿಪ್ಟ್ ಹಾಕಿರುತ್ತೇವೆ. ಆ ಹುಕ್‌ಗೆ ರೆಪಾಸಿಟರಿ (ಕೋಡ್ ಮತ್ತು ಅದರ ಇತಿಹಾಸ ಇರುವ ಜಾಗ) ಎಲ್ಲಿದೆ ಅಂತ ತಿಳಿಯಲೆಂದು ಗಿಟ್ ತನ್ನ ಕೆಲವು ವೇರಿಯೇಬಲ್‌ಗಳನ್ನು ಕಳಿಸುತ್ತದೆ. ಅವು ಟೆಸ್ಟ್‌ಗೂ ಇಳಿಯುತ್ತವೆ. ಟೆಸ್ಟ್ ಬೇರೊಂದು ತಾತ್ಕಾಲಿಕ ಫೋಲ್ಡರ್ ಮಾಡಿ ಅಲ್ಲಿ ಕಮಿಟ್ ಮಾಡಲು ಹೋದರೆ, ಗಿಟ್ ಆ ಫೋಲ್ಡರ್ ಬಿಟ್ಟು ವೇರಿಯೇಬಲ್ ಹೇಳಿದ ಜಾಗವನ್ನೇ ನಂಬಬಹುದು. ಆಗ ನಿಮ್ಮ ಅಸಲಿ ರೆಪಾಸಿಟರಿಗೇ ಏಟು! ಅದೇ ಟೆಸ್ಟನ್ನು ಕೈಯಾರೆ ಓಡಿಸಿದರೆ ಏನೂ ಆಗಿಲ್ಲವೆಂಬಂತೆ ಪಾಸು. ಗಿಟ್ ರೆವ್-ಪಾರ್ಸ್ ಎಂಬ ಕಮಾಂಡ್‌ಗೆ ಲೋಕಲ್-ಎನ್ವ್-ವಾರ್ಸ್ ಆಯ್ಕೆ ಕೊಟ್ಟರೆ ಇಂಥ ಹೆಸರುಗಳ ಪಟ್ಟಿ ಸಿಗುತ್ತದೆ. ಟೆಸ್ಟ್ ಶುರುವಾಗುವ ಮೊದಲೇ ಅವನ್ನೆಲ್ಲ ಅನ್‌ಸೆಟ್ ಮಾಡಿ, ಅಂದರೆ ತೆಗೆದುಹಾಕಿ. ಮಗುವಿನ ಪ್ರೋಸೆಸ್‌ಗೆ, ಅಂದರೆ ಶುರುವಾದ ಪ್ರೋಗ್ರಾಮ್‌ಗೆ ಸಿಕ್ಕಿದ್ದು ನಕಲಷ್ಟೇ, ಅದನ್ನು ಶುರು ಮಾಡಿದ ತಾಯಿಯ ಪ್ರೋಸೆಸ್‌ಗೆ ಏನೂ ಆಗದು.

ಯಾವ ವೇರಿಯೇಬಲ್ ಅಂತ ಗೊತ್ತಾಗದಿದ್ದರೆ ಎರಡೂ ಕಡೆ ಎನ್ವ್ ಎಂಬ ಕಮಾಂಡ್ ಓಡಿಸಿ, ಬಂದ ವೇರಿಯೇಬಲ್‌ಗಳ ಪಟ್ಟಿಯನ್ನು ಹೋಲಿಸಿ. ಆದರೆ ಅದನ್ನು ಹಾಗೇ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಪಾಸ್‌ವರ್ಡ್‌ಗಳೂ ಅದರಲ್ಲೇ ಇರಬಹುದು. ಎನ್ವ್ ಮೈನಸ್ ಐ ಅಂತ ಹಾಕಿದರೆ ಖಾಲಿ ಪಟ್ಟಿಯಿಂದ ಶುರು ಮಾಡಬಹುದು. ಆಮೇಲೆ ಪಾತ್, ಹೋಮ್ ಹೀಗೆ ಒಂದೊಂದೇ ಸೇರಿಸುತ್ತಾ ಹೋಗಿ.

"ಟೆಸ್ಟ್ ಓಡಿಸುವ ಮುಂಚೆ ಇದನ್ನು ತೆಗೆಯಿರಿ" ಅಂತ ಕೋಡ್ ಜೊತೆಗಿಡುವ ರೀಡ್‌ಮಿ ಎಂಬ ಸೂಚನಾ ಫೈಲಲ್ಲಿ ಸುಮ್ನೆ ಬರೆದಿಡುವವರಿದ್ದಾರೆ. ಅದನ್ನು ಯಾರು ಓದ್ತಾರೆ, ಹೇಳಿ? ಟೆಸ್ಟೇ ತನಗೆ ಬೇಕಾದ್ದನ್ನು ಇಟ್ಟುಕೊಳ್ಳಲಿ, ಮುಗಿದ ಮೇಲೆ ಮೊದಲಿನಂತೆ ಮಾಡಲಿ. ಪೈಥಾನ್ ಭಾಷೆಯ ಕೋಡ್ ಪರೀಕ್ಷಿಸುವ ಪೈಟೆಸ್ಟ್ ಬಳಸುವವರಿಗೆ ಅದರಲ್ಲೇ ಇರುವ ಮಂಕಿಪ್ಯಾಚ್ ಈ ಎರಡನ್ನೂ ಮಾಡಿಕೊಡುತ್ತದೆ.